ರಟ್ಟಿನ ಮರೆಯ ಈಚೆಗೆ ಕುಳಿತ ಮಧ್ಯಾಹ್ನ

ಮೂರು ಪರೀಕ್ಷಾ ರಟ್ಟುಗಳನ್ನು ಬಟ್ಟೆಯ ಪಟ್ಟಿಯಿಂದ ಜೋಡಿಸಿ, ಮಡಚಿ ನಿಲ್ಲಿಸಲು ಬರುವಂತೆ ಆ ಮರೆಯನ್ನು ನಾನೇ ಮಾಡಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ, ಹುಣಸೂರಿನ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದಾಗಿನ ಮಾತು. ಮೈಸೂರಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕವೊಂದರಿಂದ ಆ ಆಟವನ್ನು ಕಲಿತೆ. ಒಬ್ಬನು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ತಾವು ಏನು ಮಾಡುವೆವೆಂದು ಹೇಳಬೇಕು. ಅದು ಫಲಿಸಿತೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವನ ನಕ್ಷೆಯಾಗಲಿ, ಅವನು ಉರುಳಿಸಿದ ದಾಳವಾಗಲಿ ಉಳಿದವರಿಗೆ ಕಾಣಬಾರದು. ಮರೆ ಇರುವುದು ಅದಕ್ಕಾಗಿ.

ಆಡುತ್ತಿದ್ದವರು ಇಬ್ಬರೇ: ನನ್ನ ಸಹಪಾಠಿಯಾಗಿದ್ದ ಒಬ್ಬ ಹೊಗೆಸೊಪ್ಪಿನ ರೈತ ಮತ್ತು ಅವನ ತಂಗಿ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ, ಎಂದರೆ ಕಡ್ಡಿಗಳಿಗೆ ಕಟ್ಟಿದ ಸೊಪ್ಪನ್ನು ತೂಗುಹಾಕಿ ಬಿಸಿ ಕೊಳವೆಗಳ ಕಾವಿನಲ್ಲಿ ಒಣಗಿಸುವ ಮನೆಯ, ಒಲೆಯನ್ನು ಯಾರಾದರೂ ಕಾಯುತ್ತಲೇ ಇರಬೇಕು. ಭಾನುವಾರದ ಮಧ್ಯಾಹ್ನ ಅದರ ಮುಂದಿನ ಚಪ್ಪರದಲ್ಲಿ ನಮ್ಮ ಆಟ. ಕಥೆ ನಡೆಸುತ್ತಿದ್ದವನು ನಾನೇ; ಪ್ರತಿ ಗುಹೆಗೂ ಅಳತೆ, ಪ್ರತಿ ಕಾವಲುಗಾರನಿಗೂ ವಂಶಾವಳಿ ಬರೆದುಕೊಂಡು ಹೋಗುತ್ತಿದ್ದೆ. ಅವರು ಗುಹೆಯನ್ನು ಬಿಟ್ಟು ಕಾವಲುಗಾರನ ಎಮ್ಮೆಯನ್ನು ಹುಡುಕಲು ಹೊರಡುತ್ತಿದ್ದರು.

"ಲೋ ಮೇಷ್ಟ್ರು, ಎಮ್ಮೆ ಇಲ್ಲ ಅಂತ ನಿನ್ ನಕ್ಷೇಲಿ ಬರ್ದೈತಾ?" ಎಂದು ಗೆಳೆಯ ರೇಗಿಸುತ್ತಿದ್ದ.

ಅವರ ಕಣ್ಣಿನಲ್ಲಿ ಹೊಳೆಯುತ್ತಿದ್ದ ಕುತೂಹಲ ನನಗೆ ಎಂದೂ ದಕ್ಕುತ್ತಿರಲಿಲ್ಲ. ಮುಂದೇನೆಂದು ತಿಳಿಯದೆ ಒಮ್ಮೆಯಾದರೂ ಆಡಬೇಕೆಂಬ ಆಸೆಯನ್ನು ಹೇಳಿಕೊಂಡೆ. ಗೆಳೆಯನಿಗೆ ಆಗಲೇ ಮದುವೆ ನಿಶ್ಚಯವಾಗಿತ್ತು; ಸರಗೂರಿನ ಬಳಿ ಮನೆ ಅಳಿಯನಾಗಿ ಹೊರಡುವವನಿದ್ದ. ಆ ಹಂಗಾಮಿನ ಕೊನೆಯ ಸೊಪ್ಪು ಬೇಯುತ್ತಿದ್ದ ದಿನ ಅವನು ರಟ್ಟನ್ನು ತನ್ನ ಕಡೆಗೆ ಎಳೆದುಕೊಂಡ.

"ಇವತ್ತು ನೀನ್ ಆ ಕಡೆ ಕೂತ್ಕಳ್ಲಾ. ನಾನ್ ಆಡಿಸ್ತೀನಿ."

"ಮಧ್ಯ ಬಾಯಿ ಹಾಕಿದ್ರೆ ಬೆಂಚ್ ಮ್ಯಾಲೆ ನಿಲ್ಲಿಸ್ತೀವಿ ಮೇಷ್ಟ್ರೇ," ಎಂದಳು ತಂಗಿ.

ನಾನು ಬಾಯಿ ಹಾಕಲಿಲ್ಲ. ನನ್ನ ಪಾತ್ರ ಒಬ್ಬ ಅಂಬಿಗನದು. ತುಂಬಿದ ಹೊಳೆ, ಆಚೆ ದಡದಲ್ಲಿ ಕತ್ತಲೆ, ಅಲ್ಲಿಂದ ಅಂಬಿಗನನ್ನು ಹೆಸರು ಹಿಡಿದು ಕರೆಯುವ ಹೆಂಗಸಿನ ದನಿ. ರಟ್ಟಿನ ಹಿಂದೆ ದಾಳ ಉರುಳಿತು. ಗೆಳೆಯ ಬಗ್ಗಿ ನೋಡಿ ಹುಬ್ಬೇರಿಸಿದ. ನಾನು ರಟ್ಟಿನತ್ತ ಬಾಗಿದೆ.

"ದನಿ ಅತ್ರ ಬತ್ತಾ ಐತೆ. ಏನ್ ಮಾಡ್ತೀಯಾ?"

ದೀಪ ಹಚ್ಚುವುದೇ, ದೋಣಿಯನ್ನು ಹಿಂದಿರುಗಿಸುವುದೇ, ಉತ್ತರ ಕೊಡುವುದೇ? ಒಂದೊಂದರ ಪರಿಣಾಮವನ್ನೂ ತೂಗಿ ನೋಡುತ್ತ ಕುಳಿತೆ.

"ಬಿರ್ರನೆ ಯೋಳ್ಲಾ, ಒಳೆ ಬತ್ತೋಯ್ತದೆ!"

ಅಷ್ಟರಲ್ಲಿ ಬ್ಯಾರನ್ನಿನ ಕಿಂಡಿಯಲ್ಲಿ ಇಣುಕಿದ ಅವನ ಅಪ್ಪ ಕೂಗಿಕೊಂಡರು. "ಸೊಪ್ಪಿನ ಕಡ್ಡಿ ಜಾರೈತೆ ಕಣ್ಲಾ! ಬಿಸಿ ಕೊಳವೆ ಮ್ಯಾಲೆ ಬಿದ್ರೆ ಎಲ್ಲಾ ಉರ್ದೋಯ್ತದೆ. ಬೆಂಕಿ ಎಳೀರ್ಲಾ!"

ಎಲ್ಲರೂ ಓಡಿದೆವು. ಒಲೆಯ ಕೊಳ್ಳಿಗಳನ್ನು ಹೊರಗೆಳೆದು, ನೀರು ಸುರಿದು, ಸೊಪ್ಪನ್ನು ಉಳಿಸಿಕೊಳ್ಳುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗಿತ್ತು. ಮುಂದಿನ ವಾರಗಳು ಮದುವೆಯ ಓಡಾಟಕ್ಕೆ ಹೋದವು. ಆಮೇಲೆ ಅವನು ಸರಗೂರಿನ ಕಡೆಗೆ ಹೋದ; ನನಗೆ ಕೆ.ಆರ್. ನಗರಕ್ಕೆ ವರ್ಗವಾಯಿತು.

ಕೆಲವು ವರ್ಷಗಳ ನಂತರ ಸರಗೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ಕುಶಲ ವಿಚಾರಿಸಿ ಮುಗಿಸುವ ಮುನ್ನವೇ, ಹೊಳೆಯಾಚೆಯಿಂದ ಕರೆದವಳು ಯಾರೆಂದು ಕೇಳಿದೆ. ಅವನು ಜೋರಾಗಿ ನಕ್ಕ.

"ನಂಗೇನ್ಲಾ ಗೊತ್ತು? ರಟ್ಟಿನ್ ಇಂದ್ಗಡೆ ಬರೀ ದಾಳ ಇತ್ತು ಕಣೋ, ಇನ್ನೇನೂ ಇರ್ಲಿಲ್ಲ. ನೀನ್ ಏನಂತೀಯೋ ನೋಡ್ಕಂಡು ಮುಂದ್ಕೆ ಯೋಳಾನ ಅಂತ ಕಾಯ್ತಿದ್ದೆ."

ಅವಳು ಯಾರಾದರೂ ಆಗಬಹುದಿತ್ತು. ಹೊಳೆಯಾಚೆ ಏನು ಬೇಕಾದರೂ ಇರಬಹುದಿತ್ತು. ಅಂದು ತಪ್ಪು ಉತ್ತರವೆಂಬುದೇ ಇರಲಿಲ್ಲ; ಅವಳ ಕರೆಗೆ ಬರಿದೆ "ಓ" ಎಂದು ಓಗೊಟ್ಟಿದ್ದರೂ ಸಾಕಾಗುತ್ತಿತ್ತು.