ಗೋಡೆಯ ಮೇಲಿನ ಮೊಣಕೈಗಳು

ವಿಶಾಲಕ್ಕನ ಎರಡು ಮೊಣಕೈಗಳ ಮೇಲೂ ಸದಾ ಪಾಚಿಯ ಗುರುತಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ಎಳೆ ಹಸಿರು, ಸಂಕ್ರಾಂತಿ ಕಳೆದ ಮೇಲೆ ಕಂದು. ರೇಷ್ಮೆ ಸೀರೆ ಉಟ್ಟು ಮದುವೆಮನೆಗೆ ಹೊರಟಾಗಲೂ ರವಿಕೆಯ ತೋಳಿನ ಕೆಳಗೆ ಅದು ಇಣುಕುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ ಎನ್ನುತ್ತಿದ್ದರು. ಉಜ್ಜುತ್ತಿದ್ದರೆಂದು ನನಗಂತೂ ನಂಬಿಕೆಯಿಲ್ಲ.

ಅರವತ್ತರ ದಶಕದ ನಡುವೆ ನಾನು ಮದುವೆಯಾಗಿ ಹೊಸನಗರಕ್ಕೆ ಬಂದೆ. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು ಊರೂರೇ ಮುಳುಗಿದ್ದ ಕಾಲ. ಕಚೇರಿಯ ತುಂಬ ಮುಳುಗಡೆಯ ಕಡತಗಳು. ಹಗಲೆಲ್ಲ ಅವುಗಳಲ್ಲಿ ತಲೆ ಹುದುಗಿಸಿ ಸಂಜೆ ಐದಾದರೆ ಗುಮಾಸ್ತರೆಲ್ಲ ವಾಲಿಬಾಲ್ ಅಂಕಣಕ್ಕೆ ಓಡುತ್ತಿದ್ದರು. ಅಂಕಣವಿದ್ದದ್ದು ನಮ್ಮ ಕ್ವಾರ್ಟರ್ಸಿನ ಹಿತ್ತಿಲ ಗೋಡೆಯ ಆಚೆಗೆ. ಪಕ್ಕದ ಮನೆ ಪೋಸ್ಟ್ ಮಾಸ್ಟರದು. ಅವರ ಹೆಂಡತಿ ವಿಶಾಲಕ್ಕ. ಹಳೆಯ ಒರಳುಕಲ್ಲೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಗೋಡೆಗೆ ಮೊಣಕೈ ಊರಿ ನಿಂತರೆಂದರೆ ಚೆಂಡು ಕಾಣದಷ್ಟು ಕತ್ತಲಾಗುವವರೆಗೂ ಅವರು ಇಳಿಯುತ್ತಿರಲಿಲ್ಲ. ಒಲೆಯ ಮೇಲೆ ಬೇಳೆ ಸೀಯುವ ವಾಸನೆ ನಮ್ಮ ಮನೆಗೇ ಬರುತ್ತಿತ್ತು. ಪೋಸ್ಟ್ ಮಾಸ್ಟರು ಸಾಧು ಪ್ರಾಣಿ, ಸೀದ ಬೇಳೆಯನ್ನೇ ಉಂಡುಕೊಂಡು ಆರೋಗ್ಯವಾಗಿದ್ದರು.

ತೀರ್ಥಹಳ್ಳಿಯಲ್ಲಿ ವಿಶಾಲಕ್ಕನಿಗೆ ನಾಲ್ವರು ಅಣ್ಣಂದಿರು, ನಾಲ್ವರೂ ಆಟಗಾರರು. ಲಂಗ ಎತ್ತಿ ಕಟ್ಟಿ, ತುಂಗೆಯ ದಂಡೆಗೆ ಉರುಳಿದ ಚೆಂಡು ಹೆಕ್ಕಿ ಕೊಡುತ್ತಲೇ ಅವರು ಬೆಳೆದದ್ದು. ಯಾವ ಆಟಗಾರನ ಬೆಲೆ ಎಷ್ಟು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಅವರ ಮಾತೇ ಕೊನೆ. ಆಟ ಮುಗಿದ ಮೇಲೆ ಗಂಡಸರು ಗೋಡೆಯ ಆಚೆ ಬಂದು ನಿಂತು, ಅವರು ಕೊಟ್ಟ ಮಜ್ಜಿಗೆ ಕುಡಿದು ಬೈಸಿಕೊಂಡು ಹೋಗುತ್ತಿದ್ದರು. "ಅಲ್ಲಾ ಮಾರಾಯ, ಸರ್ವೀಸ್ ಮಾಡೂದು ಅಂದ್ರೆ ಕಾಗೆ ಓಡಿಸ್ದಂಗಲ್ಲ," ಎಂದು ಅವರು ಅಂದರೆ, ಬೈಸಿಕೊಂಡವನು ಮರುದಿನ ಸರಿಯಾಗಿ ಹೊಡೆಯುತ್ತಿದ್ದ.

ನಮ್ಮವರು ತಂಡದ ಲಿಫ್ಟರ್. ಚೆಂಡನ್ನು ಬಲೆಯ ಮೇಲಕ್ಕೆ ಹದವಾಗಿ ಎತ್ತಿ ಕೊಡುವ ಕೆಲಸ. ಹೊಡೆದು ಚಪ್ಪಾಳೆ ಗಿಟ್ಟಿಸುವವರು ಬೇರೆಯವರು. "ಕಡುಬು ಎಲ್ಲರಿಗೂ ಕಾಣ್ತದೆ, ಬೇಯಿಸಿದ ಹಬೆ ಯಾರಿಗೂ ಕಾಣೂದಿಲ್ಲ. ಸದಾನಂದ ನಮ್ಮ ಹಬೆ," ಎಂದು ವಿಶಾಲಕ್ಕ ಒಮ್ಮೆ ಹೇಳಿದರು. ಆ ರಾತ್ರಿ ಈ ಮಾತನ್ನು ನಮ್ಮವರ ಬಾಯಿಂದ ಕೇಳುವಾಗ ನಾನು ಕಡುಬನ್ನೇ ಬಡಿಸುತ್ತಿದ್ದೆ. ಕಡುಬು ಹೇಗಾಗಿದೆ ಎಂದು ಅವರು ಹೇಳಲಿಲ್ಲ.

ದಿನವೂ ಹೀಗೆಯೇ. ತಟ್ಟೆಯ ಮುಂದೆ ಕೂತರೆ, "ವಿಶಾಲಕ್ಕ ಇವತ್ತು ಎಂತ ಹೇಳಿದ್ರು ಗೊತ್ತಾ?" ಎಂದೇ ಶುರು. ಎಡಗೈ ಎಷ್ಟು ಬಾಗಬೇಕು ಎಂದು ವಿಶಾಲಕ್ಕ ಹೇಳಿದ್ದು, ಯಾವನಿಗೆ ಗಿಡ್ಡ ಲಿಫ್ಟು ಸಾಕೆಂದು ವಿಶಾಲಕ್ಕ ಹೇಳಿದ್ದು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಸೂತಿ ಕಲಿಸಿದ್ದರು, ಸಣ್ಣ ದನಿಯಲ್ಲಿ ಮಾತಾಡುವುದನ್ನು ಕಲಿಸಿದ್ದರು. ಆ ಸಣ್ಣ ದನಿಯಲ್ಲಿ ನಾನು "ಹೌದಾ?" ಎನ್ನುತ್ತಿದ್ದೆ. ಒಳಗೆ ಮಾತ್ರ ಪಕ್ಕೆಲುಬಿನ ಅಡಿಯಲ್ಲಿ ಹಸಿಮೆಣಸು ಅರೆದಿಟ್ಟ ಹಾಗೆ ಉರಿ. ಅವರು ಚೆಲುವೆಯೇನಲ್ಲ, ನಲವತ್ತರ ಹತ್ತಿರ ವಯಸ್ಸು, ಮುಂದಿನ ಒಂದು ಹಲ್ಲು ಮುರಿದಿತ್ತು. ಆಡಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅದೇ ನನಗೆ ಕಷ್ಟವಾಗಿತ್ತು. ಆಡಿಕೊಳ್ಳುವಂಥದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ಬೆಳಿಗ್ಗೆ ನಾನು ಬಟ್ಟೆ ಹರವುತ್ತಿದ್ದಾಗ, "ಏ ಕಾನ್ವೆಂಟಮ್ಮಾ, ಹಿಡಿ!" ಎಂದು ಕೂಗಿ ವಿಶಾಲಕ್ಕ ಎರಡು ಮನೆಗಳ ನಡುವಿನ ಬೇಲಿಯ ಮೇಲಿಂದ ದಪ್ಪನೆಯ ಮೊಗೆಕಾಯಿಯೊಂದನ್ನು ಎಸೆದರು. ಹಿಡಿದೆ. ಅವರು ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದರು.

"ನೀ ಆಡಿದವಳು."

"ಇಲ್ಲಪ್ಪ."

"ಸುಳ್ಳು ಹೇಳಬೇಡ ಮಾರಾಯ್ತಿ. ಬೆರಳು ಮುಂದೆ ಬಂತು, ಅಂಗೈ ಆಮೇಲೆ ಬಂತು. ಆಡದವರು ಮೊಗೆಕಾಯಿನ ಮಗು ಎತ್ಕೊಂಡಂಗೆ ಎದೆಗೆ ಅವಚ್ಕೊಳ್ತಾರೆ."

ಕಾನ್ವೆಂಟಿನ ಥ್ರೋಬಾಲ್ ತಂಡದಲ್ಲಿದ್ದೆ ಎಂದು ಒಪ್ಪಿಕೊಳ್ಳಬೇಕಾಯಿತು. ನಮ್ಮವರಿಗೆ ಹೇಳಬೇಡಿ ಎಂದೆ. ಯಾಕೆಂದು ಅವರು ಕೇಳಲಿಲ್ಲ, ಹೇಳಲೂ ಇಲ್ಲ. ಅಂದಿನಿಂದ ನಾನು ಗೋಡೆಗಿಂತ ಎತ್ತರದಲ್ಲಿದ್ದ ಅಡಿಗೆಮನೆಯ ಕಿಟಕಿಯಿಂದ ಆಟ ನೋಡತೊಡಗಿದೆ. ಚೆಂಡು ತಾಗುವ ಮೊದಲೇ ನಮ್ಮವರ ಬೆರಳುಗಳು ಅದರ ದಾರಿಯಲ್ಲಿ ಹೋಗಿ ಕಾದಿರುತ್ತಿದ್ದವು. ವಿಶಾಲಕ್ಕ ಹೇಳುತ್ತಿದ್ದದ್ದೆಲ್ಲ ನಿಜವಾಗಿತ್ತು. ಅದರಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಸರ್ಕಾರಿ ನೌಕರರ ತಂಡಗಳಲ್ಲಿ ಆಟಗಾರರು ಬದಲಾಗುತ್ತಿದ್ದುದು ವರ್ಗಾವಣೆಯಿಂದ. ಒಂದೇ ದರ್ಜೆಯ ಇಬ್ಬರು ಒಪ್ಪಿ ಅರ್ಜಿಗೆ ಸಹಿ ಹಾಕಿದರೆ ಪರಸ್ಪರ ವರ್ಗಾವಣೆ. ಇವನು ಅಲ್ಲಿಗೆ, ಅವನು ಇಲ್ಲಿಗೆ. ಆ ವರ್ಷ ಆಟದ ಕಾಲ ಅರ್ಧ ಕಳೆದಿತ್ತು, ತೀರ್ಥಹಳ್ಳಿಯ ಪಂದ್ಯಗಳು ಮುಂದಿದ್ದವು. ಆಗ ಬಸ್ ಏಜೆಂಟ್ ಇಸ್ಮಾಯಿಲ್ ಸಾಹೇಬರು ಸಾಗರದ ಬಸ್ಸಿನ ಜೊತೆಗೇ ಸುದ್ದಿ ತಂದರು. ಸಾಗರದ ಕಚೇರಿಯ ಗುರುಪಾದ ಹೊಸನಗರಕ್ಕೆ ಬರಲು ಸಿದ್ಧನಿದ್ದಾನೆ! ಅವನ ಹೆಂಡತಿ ಇಲ್ಲೇ ಹತ್ತಿರದ ರಿಪ್ಪನ್‌ಪೇಟೆಯ ಶಾಲೆಯಲ್ಲಿ ಮೇಡಮ್ಮು. ಬದಲಿಗೆ ಹೋಗಬೇಕಾದವರು, ಅದೇ ದರ್ಜೆಯ ನಮ್ಮವರು.

ಸಂಜೆ ಗೋಡೆಯ ಬಳಿ ಸಂತೆ ನೆರೆಯಿತು. ಗೆದ್ದ ದಿನ ತಂಡಕ್ಕೆಲ್ಲ ಬಿಟ್ಟಿ ಬನ್ಸು ತಿನ್ನಿಸುವ ಹೋಟೆಲಿನ ನಾಗಪ್ಪ ಶೆಟ್ಟರು ಕುಣಿಯುತ್ತಿದ್ದರು.

"ಆರಡಿ ಆಳು ಅಕ್ಕಾ! ನೆಗೆದು ಹೊಡೆದ್ರೆ ಚೆಂಡು ನೆಲದಲ್ಲಿ ಗುಂಡಿ ತೋಡ್ತದೆ. ಬದಲಿಗೆ ಕೇಳೂದು ಯಾರನ್ನ? ಸದಾನಂದನ್ನ. ಒಂದು ಸೇರು ಮಂಡಕ್ಕಿ ಕೊಟ್ರೆ ಒಂದು ಸೇರು ಗೋಡಂಬಿ!"

"ಮಂಡಕ್ಕಿ ಇಲ್ಲೇ ನಿಂತಿದೆ ಶೆಟ್ರೆ," ಎಂದರು ನಮ್ಮವರು ನಗುತ್ತ. ನಗು ಪೂರ್ತಿ ಇರಲಿಲ್ಲ.

"ನಾನು ನೋಡಿದೀನಿ ಅವನ ಆಟ," ಇಸ್ಮಾಯಿಲ್ ಸಾಹೇಬರು ಬೀಡಿ ಕೆಳಗಿಳಿಸಿದರು. "ಹತ್ತು ಹೊಡೆದ್ರೆ ನಾಲ್ಕು ಬಲೆಗೆ. ಆದ್ರೂ ಉಳಿದ ಆರು ಯಾರೂ ಎತ್ತೋಕಾಗಲ್ಲ. ನೀವೇನಂತೀರಿ ಅಕ್ಕಾವ್ರೆ?"

ವಿಶಾಲಕ್ಕ ಮೊಣಕೈ ಬದಲಾಯಿಸಿ ಊರಿದರು. "ಹಗ್ಗ ಕೊಟ್ಟು ಕೊಡಪಾನ ತರ್ತೀರಿ. ತನ್ನಿ, ಫಳಫಳ ಹೊಳೀತದೆ. ನೀರು ಸೇದೂದು ಎಂತದ್ರಲ್ಲಿ?"

ನಮ್ಮವರ ಕಿವಿ ಕೆಂಪಾದದ್ದು ಕಿಟಕಿಯಿಂದಲೇ ಕಂಡಿತು. ಮದುವೆಯ ದಿನವೂ ಹಾಗೆ ಕೆಂಪಾಗಿರಲಿಲ್ಲ.

ನನಗೆ ಸಾಗರಕ್ಕೆ ಹೋಗಬೇಕಿತ್ತು. ಅಲ್ಲಿ ಟಾಕೀಸಿತ್ತು, ಕಾನ್ವೆಂಟಿನ ಗೆಳತಿಯೊಬ್ಬಳಿದ್ದಳು. ಅಮ್ಮನಿಗೆ ಬರೆದ ಕಾರಣಗಳು ಇವು. ಬರೆಯದ ಕಾರಣ ಒಂದೇ, ಅಲ್ಲಿ ಆ ಗೋಡೆ ಇರಲಿಲ್ಲ. ಆದರೆ ಊಟಕ್ಕೆ ಕೂತ ನಮ್ಮವರು, "ಸಹಿ ಹಾಕೂದಿಲ್ಲ ಮಾರಾಯ್ತಿ. ವಿಶಾಲಕ್ಕ ನನ್ನನ್ನ ಹಗ್ಗ ಅಂದ್ರು," ಎಂದರು.

ಮರುದಿನ ಮಧ್ಯಾಹ್ನ ವಿಶಾಲಕ್ಕ ಹಲಸಿನ ಹಪ್ಪಳ ಹಿಡಿದು ಹಿತ್ತಿಲಿಗೆ ಬಂದರು.

"ಎಂತದೇ, ಮುಖ ಹಾಲು ಒಡೆದಂಗೆ ಮಾಡಿದೀಯ?"

"ಏನಿಲ್ಲ."

"ಹೇಳು ಮಾರಾಯ್ತಿ. ಸಾಗರಕ್ಕೆ ಹೋಗೂ ಆಸೆ ಇತ್ತಾ?"

ಹಪ್ಪಳದ ತಟ್ಟೆ ತೆಗೆದುಕೊಂಡೆ. ನನ್ನ ದನಿ ಏರಲಿಲ್ಲ. ಸಿಸ್ಟರುಗಳು ಕೇಳಿದ್ದರೆ ಮೆಚ್ಚುತ್ತಿದ್ದರು. "ವಿಶಾಲಕ್ಕ, ನಮ್ಮ ಮನೇಲಿ ದಿನಾ ಊಟಕ್ಕೆ ಮೂರು ಜನ ಕೂರ್ತೀವಿ. ನನಗೆ ಇಬ್ಬರು ಸಾಕು."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬೈಯುತ್ತಾರೆಂದುಕೊಂಡೆ. ಅವರು ಬಲಗೈಯಿಂದ ಎಡ ಮೊಣಕೈಯನ್ನು, ಎಡಗೈಯಿಂದ ಬಲ ಮೊಣಕೈಯನ್ನು ನಿಧಾನವಾಗಿ ಒರೆಸಿಕೊಂಡರು. "ಹಪ್ಪಳ ಬಿಸಿಲಿಗೆ ಇಟ್ಟು ಕರಿ. ಇನ್ನೂ ಹಸಿ ಇದೆ," ಎಂದಷ್ಟೇ ಹೇಳಿ ಹೋದರು.

ಅಂದು ಸಂಜೆಯೂ ಗೋಡೆಯ ಬಳಿ ಅದೇ ಚರ್ಚೆ. ಶೆಟ್ಟರು ಬಾಯಿ ತೆರೆಯುವ ಮೊದಲೇ ವಿಶಾಲಕ್ಕನ ದನಿ ಕೇಳಿಸಿತು. "ಕೊಟ್ಟುಬಿಡಿ ಶೆಟ್ರೆ. ನಾನು ನಿನ್ನೆ ಸರಿ ನೋಡಿ ಹೇಳ್ಲಿಲ್ಲ. ಸದಾನಂದನ ಕೈ ಈಗೀಗ ನಿಧಾನ ಆಗಿದೆ."

"ಅಕ್ಕಾ?" ಎಂದರು ನಮ್ಮವರು.

"ಹೌದು ತಮ್ಮಾ. ಚೆಂಡು ಬಂದ ಮೇಲೆ ಕೈ ಹೋಗ್ತದೆ. ಮುಂಚೆ ಹಂಗಿರ್ಲಿಲ್ಲ. ಗುರುಪಾದನೇ ಬರಲಿ."

ಹುಳಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಕೈ ನಿಂತಿತು. ಅರ್ಧ ಗಳಿಗೆಯ ಹಿಂದೆ ಅದೇ ಕಿಟಕಿಯಿಂದ ನಾನು ನೋಡಿದ್ದೆ: ಚೆಂಡಿಗಿಂತ ಮುಂಚೆ ಹೋಗಿ ಕಾದಿದ್ದ ಬೆರಳುಗಳನ್ನು. ಆ ಊರಿನಲ್ಲಿ ಅದು ಸುಳ್ಳೆಂದು ಬಲ್ಲವರು ಇಬ್ಬರೇ. ಒಬ್ಬರು ಗೋಡೆಯ ಮೇಲೆ, ಒಬ್ಬರು ಒಲೆಯ ಮುಂದೆ. ಸಾಸಿವೆ ಸೀದುಹೋಯಿತು. ನಮ್ಮ ಮನೆಯಲ್ಲಿ ಅದೇ ಮೊದಲು.

ನಮ್ಮವರು ಮರುದಿನವೇ ಸಹಿ ಹಾಕಿದರು. ತಾಲ್ಲೂಕಿನ ಅಮಲ್ದಾರರೂ ಆಟದ ಹುಚ್ಚರೇ ಆದ್ದರಿಂದ ಆದೇಶ ಬೇಗ ಬಂತು. ಹೊರಡುವ ದಿನ ವಿಶಾಲಕ್ಕ ಬಸ್ಸಿನ ತನಕ ಬಂದು ನನ್ನ ಮಡಿಲಿಗೆ ತೆಂಗಿನಕಾಯಿ, ಎಲೆಅಡಕೆ ಹಾಕಿದರು. ನಮ್ಮವರು ಬಸ್ಸಿನ ಇನ್ನೊಂದು ಕಡೆಯ ಕಿಟಕಿಗೆ ಕೂತಿದ್ದರು.

ಸಾಗರದ ಮನೆಯಲ್ಲಿ ಊಟಕ್ಕೆ ಇಬ್ಬರೇ ಕೂತೆವು. ನಾನು ಕೇಳಿದ್ದು ನನಗೆ ಸಿಕ್ಕಿತ್ತು. ಹುಳಿ ಚೆನ್ನಾಗಿದೆ, ಪಲ್ಯ ಚೆನ್ನಾಗಿದೆ ಎಂದು ನಮ್ಮವರು ಹೇಳತೊಡಗಿದರು. ವಿಶಾಲಕ್ಕನ ಹೆಸರು ಬರಲಿಲ್ಲ. ಬಾರದ ಹೆಸರನ್ನೇ ಕಾಯುತ್ತ ನಾನು ಅವರ ಮುಖ ನೋಡುತ್ತಿದ್ದೆ. ಬಾಯಿಬಿಟ್ಟು ಹೇಳಿದ ಹೆಸರಿನ ಮೇಲಿನ ಅಸೂಯೆಗೆ ಒಂದು ಮಿತಿಯಿರುತ್ತದೆ. ಹೇಳದೆ ನುಂಗಿಕೊಂಡವರು ಒಳಗೆ ಏನೇನು ಇಟ್ಟುಕೊಂಡಿದ್ದಾರೋ ಎಂಬ ಅಸೂಯೆಗೆ ಮಿತಿಯಿಲ್ಲ.

ಮುಂಗಾರಿಗೆ ಮೊದಲು ತೀರ್ಥಹಳ್ಳಿಯಲ್ಲಿ ಪಂದ್ಯಗಳು ನಡೆದವು. ಕೊನೆಯ ಆಟ ಸಾಗರಕ್ಕೂ ಹೊಸನಗರಕ್ಕೂ. ವಿಶಾಲಕ್ಕ ತವರಿಗೆ ಬಂದವರು ಹೆಂಗಸರ ಬೆಂಚಿನಲ್ಲಿ ನನ್ನ ಪಕ್ಕವೇ ಕೂತರು. ಗುರುಪಾದ ನಿಜಕ್ಕೂ ಆರಡಿ. ಆದರೆ ಅವನಿಗೆ ಚೆಂಡು ಒಮ್ಮೆ ಮೊಣಕಾಲಿಗೆ ಬರುತ್ತಿತ್ತು, ಒಮ್ಮೆ ತಲೆ ದಾಟುತ್ತಿತ್ತು. ಪಾಪ, ನೆಗೆದು ನೆಗೆದು ಗಾಳಿ ಹೊಡೆದ. ಈಚೆ ನಮ್ಮವರು ಎತ್ತಿದ ಚೆಂಡು ಬಲೆಯ ಮೇಲೆ ಹೊಡೆಯುವವನಿಗಾಗಿ ನಿಂತು ಕಾದಂತಿತ್ತು. ಅದನ್ನು ನೋಡುವಾಗ ವಿಶಾಲಕ್ಕನ ತುಟಿ ಅಲುಗುತ್ತಿತ್ತು. ಸಾಗರ ಗೆದ್ದಿತು.

ನಾಗಪ್ಪ ಶೆಟ್ಟರು ನೇರ ನಮ್ಮ ಬೆಂಚಿನ ಮುಂದೆ ಬಂದು ನಿಂತರು. "ನಿಮ್ಮ ಮಾತು ಕೇಳಿ ಕೆಟ್ವಿ ಅಕ್ಕಾ. ತೀರ್ಥಹಳ್ಳಿ ಹೆಣ್ಣು, ಆಟ ಬಲ್ಲವರು ಅಂದ್ಕೊಂಡಿದ್ವಿ. ಇನ್ಮೇಲೆ ನಿಮ್ಮ ಗೋಡೆ ಕಡೆ ತಲೆ ಹಾಕಿದ್ರೆ ಕೇಳಿ."

ಅವರ ಅಣ್ಣಂದಿರೂ ಅಲ್ಲೇ ನಿಂತಿದ್ದರು. ವಿಶಾಲಕ್ಕ ಮುರಿದ ಹಲ್ಲು ಕಾಣುವಂತೆ ನಕ್ಕರು. "ಬರಬೇಡಿ ಶೆಟ್ರೆ. ನನಗೂ ಮಜ್ಜಿಗೆ ಉಳೀತದೆ."

ಆಗ ಕಪ್ ಹಿಡಿದುಕೊಂಡು ನಮ್ಮವರು ಬಂದರು. ಎಷ್ಟೋ ದಿನದಿಂದ ಅದೊಂದು ಮಾತಿಗಾಗಿಯೇ ಆಡಿದವರಂತೆ ಕೇಳಿದರು, "ಏನಕ್ಕಾ? ಕೈ ನಿಧಾನ ಆಗಿದ್ಯಾ?"

ವಿಶಾಲಕ್ಕ ನನ್ನ ಕಡೆ ನೋಡಲಿಲ್ಲ. ಒಂದೇ ಒಂದು ಮಾತು ಸಾಕಿತ್ತು, ಅವರ ಮರ್ಯಾದೆ ಅವರಿಗೆ ಮರಳುತ್ತಿತ್ತು, 'ತಮ್ಮಾ' ಎಂದು ಕರೆದವನೂ ಮರಳುತ್ತಿದ್ದ. "ಆಗಿದೆ ಮಾರಾಯ," ಎಂದರು. "ಇವತ್ತು ನಿನ್ನ ನಸೀಬು ಚೆನ್ನಾಗಿತ್ತು."

ನಾನು ಅವರ ಮೊಣಕೈ ನೋಡಿದೆ. ಎರಡೂ ಸ್ವಚ್ಛವಾಗಿದ್ದವು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಪೋಸ್ಟ್ ಮಾಸ್ಟರಿಗೂ ದೂರದ ಊರಿಗೆ ವರ್ಗವಾಯಿತೆಂದು ಕೇಳಿದೆವು. ಕೆಲವು ವರ್ಷ ಕಳೆದ ಮೇಲೆ ಒಂದು ಭಾನುವಾರ ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕ ಇಸ್ಮಾಯಿಲ್ ಸಾಹೇಬರು ವಿಶಾಲಕ್ಕ ತೀರಿಕೊಂಡ ಸುದ್ದಿ ಹೇಳಿದರು. ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಕೂತ ನಮ್ಮವರು ಬಹಳ ಹೊತ್ತು ಅನ್ನ ಕಲಸಿದರು.

"ಒಳ್ಳೆಯವರು," ಎಂದರು ಕೊನೆಗೆ. "ಆಟ ಮಾತ್ರ ಅಷ್ಟೇನೂ ಗೊತ್ತಿರ್ಲಿಲ್ಲ ಅವರಿಗೆ."

ಸುಮ್ಮನೆ ಮಜ್ಜಿಗೆ ಬಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಜ್ಜಿಗೆಯ ಸೌಟು ನನ್ನ ಕೈಯಲ್ಲೇ ಇತ್ತು.

"ಗೊತ್ತಿತ್ತು," ಎಂದೆ. "ನಿಮ್ಮ ಕೈ ಯಾವತ್ತೂ ನಿಧಾನ ಆಗಿರ್ಲಿಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಾಗರಕ್ಕೆ ಬರಬೇಕು ಅಂತಿದ್ದವಳು ನಾನು. ಅದಕ್ಕೇ ಹಾಗಂದ್ರು."

ನಮ್ಮವರು ತಲೆಯೆತ್ತಿ ನನ್ನನ್ನು ನೋಡಿದರು. ನಿನಗೇನು ಗೊತ್ತು ಎಂದು ಕೇಳಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, ಗೋಡೆಯ ಕಡೆ ತಿರುಗಿದರು. ಆಮೇಲೆ ಶುರು ಮಾಡಿದರು.

"ಒಂದು ಸಲ ವಿಶಾಲಕ್ಕ ಎಂತ ಹೇಳಿದ್ರು ಗೊತ್ತಾ..."

ಎಡಗೈ ಎಷ್ಟು ಬಾಗಬೇಕು, ಯಾವನಿಗೆ ಗಿಡ್ಡ ಲಿಫ್ಟು, ಕಡುಬು, ಹಬೆ, ಹಗ್ಗ, ಕೊಡಪಾನ. ಅಷ್ಟು ವರ್ಷ ಕಟ್ಟಿಟ್ಟದ್ದೆಲ್ಲ ಬಂತು. ಅವರ ಕಿವಿ ಮತ್ತೆ ಕೆಂಪಾಗಿತ್ತು. ಅವರ ಕೈ ಒಣಗಿತು, ಅನ್ನ ಆರಿತು. ನಾನು ಎದುರು ಕೂತು, ಸಣ್ಣ ದನಿಯಲ್ಲಿ "ಹೌದಾ?" "ಹೌದಾ?" ಎನ್ನುತ್ತ ಕೇಳಿದೆ. ಪಕ್ಕೆಲುಬಿನ ಅಡಿಯಲ್ಲಿ, ಅದೇ ಹಳೆಯ ಜಾಗದಲ್ಲಿ, ಹಸಿಮೆಣಸಿನ ಉರಿ ಮೆಲ್ಲಗೆ ಹತ್ತಿಕೊಂಡಿತು.