ಹುರುಳಿಗೆ ಬೆರೆತ ಬೂದಿ

ಬೆಳಿಗ್ಗೆ ಆರೂವರೆ. ದೊಡ್ಡಬಳ್ಳಾಪುರದ ಹೊರಗೆ, ವರ್ಷಗಟ್ಟಲೆ ಬಣ್ಣದ ನೀರು ನಿಂತು ಕಪ್ಪಾದ ಕೆರೆಯಂಗಳದಲ್ಲಿ ಲಕ್ಷ್ಮೀದೇವಮ್ಮ ಸಾಸಿವೆ ಗಿಡ ಕೀಳುತ್ತಿದ್ದಾರೆ. ಬೇರಿನ ಮಣ್ಣು ಕೊಡವಿ, ಕಂತೆ ಕಟ್ಟಿ, ಒಣಗಿಸಿ, ಇಟ್ಟಿಗೆ ಗೂಡಿನಲ್ಲಿ ಸುಡುವುದು ಅವರ ಕೆಲಸ. ಗಿಡ ನೆಲದಿಂದ ಹೀರಿದ ತಾಮ್ರ, ಸತು ಬೂದಿಯಲ್ಲಿ ಉಳಿಯುತ್ತವೆ. ಬೆಂಗಳೂರಿನ ಸಂಶೋಧಕರು ಆ ಬೂದಿಯನ್ನೇ ಹದಗೊಳಿಸಿ, ನೂಲಿಗೆ ಬಣ್ಣ ಹಾಕಿ ಬಿಟ್ಟ ನೀರನ್ನು ತಿಳಿಯಾಗಿಸುವ ವೇಗವರ್ಧಕ ಪುಡಿ ಮಾಡುತ್ತಾರೆ. ಹನ್ನೆರಡು ಕಂತೆ ಸುಟ್ಟರೆ ಒಂದು ಮಡಕೆ ಬೂದಿ.

“ಉರಿ ಜಾಸ್ತಿ ಆದ್ರೆ ಗಟ್ಟಿ ಕಟ್ಬಿಡ್ತದೆ, ಕೆಲಸಕ್ಕೆ ಬರಲ್ಲ. ಆ ಹದ ಕಂಡಿಡಿದೋಳು ನಾನು,” ಎನ್ನುತ್ತಾರೆ. ಗೂಡಿನ ಬಳಿಯ ಶೆಡ್ಡಿನ ಫಲಕದಲ್ಲಿ ಈ ಪುಡಿ ಕಂಡುಹಿಡಿದವರೆಂದು ಒಂಬತ್ತು ಹೆಸರುಗಳಿವೆ, ಅವರದಿಲ್ಲ. ಅದಕ್ಕೆ ಅವರಿಗೆ ಬೇಜಾರೂ ಇಲ್ಲ. ಅವರನ್ನು ಕೊರೆಯುತ್ತಿರುವುದು ಆರು ವರ್ಷದ ಮೊಮ್ಮಗಳು ಹರ್ಷಿತಳ ಚಿಂತೆ.

ಹೋದ ಸುಗ್ಗಿಯಲ್ಲಿ ಅವರು ಒಂದು ಮೊರ ಬೂದಿ ಮನೆಗೆ ತಂದರು. ಹುಳ ಹಿಡಿಯದಂತೆ ಹುರುಳಿಗೆ ಬೂದಿ ಬೆರೆಸಿಡುವುದು ಅವರ ಮನೆಯ ಹಳೆಯ ರೂಢಿ. ಈ ಬೂದಿಯಲ್ಲಿ ಸೀಸವೂ ಇದೆಯೆಂದು ಯಾರೂ ಹೇಳಿರಲಿಲ್ಲ. ಮೂರು ತಿಂಗಳು ಮನೆಮಂದಿಯೆಲ್ಲ ಅದೇ ಹುರುಳಿಯ ಸಾರು ಉಂಡರು. ಗೂಡಿನ ಪಕ್ಕ ಎಚ್ಚರಿಕೆಯ ಹಳದಿ ಹಲಗೆ ಬಂದದ್ದು ಆಮೇಲೆ. ಅದನ್ನು ಓದಿದ್ದು ಸೊಸೆ ಅರುಣಾ.

“ಕೂಲಿ ಸಾಲ್ದು ಅಂತ ವಿಷಾನೂ ಹೊತ್ಕೊಂಡ್ ಬಂದ್ರಾ ಅತ್ತೆ?” ಅಂದವಳು ಅವರೊಂದಿಗೆ ಮಾತು ಬಿಟ್ಟು ತಿಂಗಳಾಯಿತು. ಮಗುವಿಗೆ ಆಗಾಗ ಹೊಟ್ಟೆನೋವು. ಸೀಸದಿಂದಲೋ, ಬೇರೆ ಯಾವುದರಿಂದಲೋ, ಗೊತ್ತಿಲ್ಲ.

ಯೋಜನೆಯ ಎಂಜಿನಿಯರ್ ನರೇಶ್ ವಾರಕ್ಕೊಮ್ಮೆ ಬಂದು ಎಲೆ, ಕಾಂಡ, ಬೇರುಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಲೋಹ ಅಳೆಯಲು ಒಯ್ಯುತ್ತಾರೆ. ಇವತ್ತೂ ಬಂದಿದ್ದಾರೆ.

“ಮಗೂದು ಒಂದ್ ತೊಟ್ಟು ರಕ್ತಾನೂ ನೋಡಪ್ಪ.”

“ಅದು ನಮ್ ಪ್ರಾಜೆಕ್ಟಲ್ಲಿ ಬರಲ್ಲಮ್ಮ. ಆಸ್ಪತ್ರೆಗೆ ಕರ್ಕೊಂಡ್ ಹೋಗಿ.”

“ಹೋಗಿದ್ದೆ. ಇಂಥದ್ದು ಇಲ್ಲಿ ನೋಡಲ್ಲ, ಕೆಲಸ ಕೊಟ್ಟೋರ್ನೇ ಕೇಳು ಅಂದ್ರು.”

ನರೇಶ್ ಚೀಲದ ಮೇಲೆ ನಂಬರ್ ಬರೆಯುತ್ತಾರೆ. ಲಕ್ಷ್ಮೀದೇವಮ್ಮ ಬೆಂಕಿಪೊಟ್ಟಣವನ್ನು ಗೂಡಿನ ಮೇಲಿಟ್ಟು ದೂರ ಸರಿಯುತ್ತಾರೆ.

“ನೋಡೋಗಂಟ ನಾನು ಹಚ್ಚಲ್ಲ.”

“ಹಂಗಾದ್ರೆ ನಿಮ್ ಬದ್ಲು ಗೂಡು ಹಚ್ಚಕ್ಕೆ ಮಾರಕ್ಕನ್ನ ಕರೀಬೇಕಾಗ್ತದೆ. ಆಮೇಲೆ ನನ್ನ ಬೈಕೋಬೇಡಿ.”

“ಕರಿ ಹೋಗಪ್ಪ. ಅವಳ್ ಮನೇಲೂ ಮಕ್ಕಳವೆ,” ಎನ್ನುತ್ತಾ ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. “ಹಲಗೆ ತೋರಿಸ್ಬೇಡ, ಅವಳಿಗೂ ಓದಕ್ ಬರಲ್ಲ. ಬಾಯ್ಬಿಟ್ಟು ಹೇಳು.”