ಕೊನೆಯ ಸ್ಥಾನದ ಪಾಳಿ

ನಮ್ಮ ಗೋದಾಮು ಜೀವನ್ ಬಿಮಾ ನಗರದಲ್ಲಿತ್ತು. ಅಲ್ಲಿಂದ ಹಲಸೂರು, ಶಿವಾಜಿನಗರ, ಸರ್ವಜ್ಞನಗರದ ಮನೆಗಳಿಗೆ ವ್ಯಾನಿನಲ್ಲಿ ಪಾರ್ಸಲ್ ಹೋಗುತ್ತಿತ್ತು. ವ್ಯಾನ್ ಡ್ರೈವರುಗಳ ಉಸ್ತುವಾರಿ ನನ್ನದು. ಉಸ್ತುವಾರಿ ಅಂದರೆ ಗೋಡೆಯ ಮೇಲಿನ ಟಿವಿ ನೋಡುವುದು. ಯಾವ ಗಾಡಿ ಎಲ್ಲಿದೆ, ಗಂಟೆಗೆ ಎಷ್ಟು ಮನೆ ಮುಗಿಸಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಅದನ್ನೆಲ್ಲ ಕೂಡಿಸಿ ಕಳೆದು ಕಂಪ್ಯೂಟರು ಪ್ರತಿಯೊಬ್ಬರಿಗೂ ಅಂಕ ಕೊಡುತ್ತಿತ್ತು. ಗದಗಿನಲ್ಲಿ ಶಾಲಾ ಮಾಸ್ತರರಾಗಿದ್ದ ನಮ್ಮಪ್ಪನಿಗೆ ಮಗಳೂ ಅಂಕ ಕೊಡುವ ಕೆಲಸಕ್ಕೆ ಸೇರಿದಳೆಂದು ಸಮಾಧಾನ. "ಯಾರನ್ನೂ ಫೇಲ್ ಮಾಡಬ್ಯಾಡವಾ" ಎಂದಿದ್ದರು. ಅಂಕ ಕೊಡುವುದು ನಾನಲ್ಲ ಎಂದು ಬಿಡಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ತಿಂಗಳ ಕೊನೆಗೆ ಎಲ್ಲರಿಗಿಂತ ಕಡಿಮೆ ಅಂಕದವರ ಹೆಸರು ಟಿವಿಯಲ್ಲಿ ಕೆಂಪಾಗುತ್ತಿತ್ತು. ಅವರಿಗೊಂದು ಎಚ್ಚರಿಕೆ ಪತ್ರ. ಮರುತಿಂಗಳೂ ಅವರೇ ಕೊನೆ ಬಂದರೆ ಗಾಡಿಯ ಕೀ ವಾಪಸ್ ಕೊಟ್ಟು ಮನೆಗೆ ಹೋಗುವುದು. ಪತ್ರಕ್ಕೆ ಸಹಿ ಮಾತ್ರ ನನ್ನದೇ.

ಆ ವರ್ಷ ಮೊದಲ ಪತ್ರ ಹೋದದ್ದು ಡ್ರೈವರ್ ಯಜಮಾನರಿಗೆ. ಡ್ರೈವರುಗಳಲ್ಲೆಲ್ಲ ಹಿರಿಯರಾದ್ದರಿಂದ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಹಿಂದೆ ಬೇಕರಿಯೊಂದರ ಬ್ರೆಡ್ ಗಾಡಿ ಓಡಿಸಿದ್ದವರು. ಸರ್ವಜ್ಞನಗರದಲ್ಲಿ ಹಳೆಯ ಮನೆಗಳು ಹೋಗಿ ಫ್ಲಾಟುಗಳು ಬಂದಿದ್ದವು. ಎಷ್ಟೋ ಕಡೆ ಲಿಫ್ಟಿಲ್ಲ, ಇವರಿಗೆ ಮಂಡಿನೋವು. ಕಂಪ್ಯೂಟರಿಗೆ ಮೆಟ್ಟಿಲೂ ಕಾಣುತ್ತಿರಲಿಲ್ಲ, ಮಂಡಿಯೂ ಕಾಣುತ್ತಿರಲಿಲ್ಲ. ಅರವತ್ತರ ಹತ್ತಿರ ಬಂದವರ ಕೈಗೆ ಬೇರೆ ಯಾರೂ ಗಾಡಿ ಕೊಡುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುಂದಿನ ತಿಂಗಳು ಅವರೇ ಕೊನೆ ಬರುವುದರಲ್ಲಿ ಅನುಮಾನವಿರಲಿಲ್ಲ.

ಆ ಮುಂದಿನ ತಿಂಗಳು ಒಂದು ಮಧ್ಯಾಹ್ನ ನೋಡುತ್ತೇನೆ, ನಮ್ಮಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗನ ಗಾಡಿ ಹಲಸೂರು ಕೆರೆಯ ಪಕ್ಕ ಅಲುಗಾಡದೆ ನಿಂತಿದೆ. ಫೋನ್ ಮಾಡಿದೆ.

"ಏನ್ರೀ, ಗಾಡಿ ಕೆಟ್ಟಿದ್ಯಾ?"

"ಇಲ್ಲ ಮೇಡಂ, ಚೆನ್ನಾಗಿದೆ. ಪಾರ್ಸಲ್ ಎಲ್ಲಾ ಕೊಟ್ಬಿಟ್ಟೆ. ಸುಮ್ನೆ ನಿಂತಿದೀನಿ."

"ನಿಂತ್ರೆ ಅಂಕ ಕಡಿಮೆ ಆಗುತ್ತೆ ಅಂತ ಗೊತ್ತಿಲ್ವಾ?"

"ಅದಕ್ಕೇ ಮೇಡಂ ನಿಂತಿರೋದು. ಈ ತಿಂಗಳು ಕೊನೆ ಬರೋ ಪಾಳಿ ನಂದು."

ಆಮೇಲೆ ಎಲ್ಲ ವಿವರಿಸಿದ. ಕೊನೆಯ ಸ್ಥಾನಕ್ಕೆ ಅವರು ತಮ್ಮತಮ್ಮಲ್ಲೇ ಪಾಳಿ ಹಾಕಿಕೊಂಡಿದ್ದರು. ತಿಂಗಳಿಗೊಬ್ಬರು ನಿಂತು ನಿಂತು ಅಂಕ ಕಳೆದುಕೊಳ್ಳುವುದು, ಪತ್ರ ತೆಗೆದುಕೊಳ್ಳುವುದು, ಮರುತಿಂಗಳು ಮೇಲೇಳುವುದು. ಸತತ ಎರಡು ತಿಂಗಳು ಯಾರಿಗೂ ಬರುವಂತಿಲ್ಲ. ಯಜಮಾನರನ್ನು ಪಾಳಿಯಿಂದ ಬಿಟ್ಟುಬಿಡೋಣವೆಂದರೆ ಅವರು ರೇಗಿದರಂತೆ: "ಪಾಳಿ ಅಂದ್ಮೇಲೆ ನಂದೂ ಇರ್ಬೇಕು. ಧರ್ಮಕ್ಕೆ ಬೇಡ." ಸರಿ, ಅವರಿಗೂ ಒಂದು ತಿಂಗಳು ಕೊಟ್ಟಿದ್ದರು. ಆ ತಿಂಗಳು ಯಾರೂ ಏನೂ ಮಾಡಬೇಕಾಗಿರಲಿಲ್ಲ.

"ಕಷ್ಟ ಮೇಡಂ ಇದು," ಎಂದ ಹುಡುಗ. "ನಿಂತು ಅಭ್ಯಾಸ ಇಲ್ಲ. ಕಾಲೆಲ್ಲಾ ಚುರುಚುರು ಅನ್ನುತ್ತೆ."

ನಾನು ಫೋನ್ ಇಟ್ಟೆ. ಮೇಲಿನವರಿಗೆ ತಿಳಿಸಬೇಕಾದದ್ದು ನನ್ನ ಕೆಲಸ. ತಿಳಿಸಲಿಲ್ಲ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ, ಬಂದದ್ದು ಹೊಟ್ಟೆಕಿಚ್ಚು. ನನಗೋಸ್ಕರ ಕೆರೆಯ ಪಕ್ಕ ಒಂದು ಗಂಟೆ ನಿಲ್ಲುವವರು ನಮ್ಮ ಆಫೀಸಿನಲ್ಲಿ ಯಾರಿದ್ದಾರೆ ಎಂದು ಲೆಕ್ಕ ಹಾಕಿದೆ. ಬೇಗ ಮುಗಿಯಿತು.

ಕೆಲವು ತಿಂಗಳು ಹೀಗೇ ನಡೆಯಿತು. ಒಂದು ದಿನ ಹೆಡ್ಡಾಫೀಸಿನಿಂದ ಫೋನ್ ಬಂತು. ಪಾಳಿಯ ವಿಷಯ ಗೊತ್ತಾಗಿಹೋಯಿತು ಎಂದುಕೊಂಡೆ.

"ಕಂಗ್ರಾಜುಲೇಶನ್ಸ್," ಎಂದರು ಅಲ್ಲಿನ ಸಾಹೇಬರು. "ನಿಮ್ಮಲ್ಲಿ ವಾರ್ನಿಂಗ್ ಲೆಟರ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ! ಒಂದ್ಸಲ ಕೊಟ್ರೆ ಸಾಕು, ಮರುತಿಂಗಳೇ ಇಂಪ್ರೂವ್ ಆಗ್ತಾರೆ."

ಈ ಸಾಧನೆಯ ಗುಟ್ಟನ್ನು ನಾನು ಕೆ.ಆರ್. ಪುರ, ಕಲ್ಯಾಣ ನಗರದ ಉಸ್ತುವಾರಿಗಳಿಗೆ ವಿಡಿಯೊ ಮೀಟಿಂಗಿನಲ್ಲಿ ಹೇಳಬೇಕಾಯಿತು. "ನಮ್ಮ ಡ್ರೈವರುಗಳು ಒಬ್ಬರನ್ನೊಬ್ಬರು ಗಮನಿಸುತ್ತಾರೆ" ಎಂದೆ. ಎಲ್ಲರೂ ಬರೆದುಕೊಂಡರು. ಪತ್ರ ಇಷ್ಟು ಫಲ ಕೊಡುವುದಾದರೆ ಹೆಚ್ಚು ಕೊಡಬಾರದೇಕೆ ಎಂದು ಸಾಹೇಬರಿಗೆ ಅಲ್ಲೇ ಹೊಳೆಯಿತು. ಇನ್ನು ಮೇಲೆ ತಿಂಗಳಿಗೆ ಇಬ್ಬರ ಹೆಸರು ಕೆಂಪು, ಇಬ್ಬರಿಗೂ ಪತ್ರ.

ನನಗೆ ಹೆದರಿಕೆಯಾಯಿತು. ಇಬ್ಬರು ಅಂದರೆ ಯಜಮಾನರನ್ನು ಕಾಪಾಡಲು ತಿಂಗಳಿಗೆ ಇಬ್ಬರು ಕೆಳಗಿಳಿಯಬೇಕು. ಎಷ್ಟು ದಿನ ಇಳಿದಾರು? ಅವರವರ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ. ಬೆಳಿಗ್ಗೆ ಪಾರ್ಸಲ್ ತುಂಬುವಾಗ ಹೊಸ ನಿಯಮ ಹೇಳಿದೆ. ಡ್ರೈವರುಗಳು ಬೆರಳು ಮಡಚಿ ಎಣಿಸಿದರು, ಗುಸುಗುಸು ಎಂದರು, ಗಾಡಿ ಹತ್ತಿ ಹೋದರು.

ಆ ತಿಂಗಳು ಯಜಮಾನರ ಪಾಳಿ. ತಿಂಗಳ ಕೊನೆಗೆ ಟಿವಿಯಲ್ಲಿ ಅವರ ಹೆಸರು ಕೆಂಪಾಯಿತು. ಅದರ ಮೇಲೊಂದು ಕೆಂಪು ಹೆಸರು, ಈ ಸಲ ಅವರ ಜೊತೆಗೆ ಪಾಳಿ ನಿಂತ ಆ ಚುರುಕು ಹುಡುಗನದು. ಸಂಜೆ ಗಾಡಿಗಳು ಬಂದಮೇಲೆ ಯಜಮಾನರು ಹುಡುಗನನ್ನೂ ಕರೆದುಕೊಂಡು ಕುಂಟುತ್ತಾ ಒಳಗೆ ಬಂದು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.

"ಒಂದು ಫೋಟೊ ತೆಗೀರಿ ಮೇಡಂ. ಆ ಎರಡು ಹೆಸರೂ ಕಾಣ್ಬೇಕು. ಮನೇಲಿ ತೋರಿಸ್ತೀನಿ."

"ಕೆಂಪಲ್ಲಿದೆಯಲ್ರೀ! ಏನಂತ ತೋರಿಸ್ತೀರಿ?"

"ಇವನು ನನ್ನ ಜೊತೆ ಕೆಲಸ ಮಾಡೋನು ಅಂತ."

ಅವರು ಹುಡುಗನ ಹೆಗಲ ಮೇಲೆ ಕೈ ಹಾಕಿ ಟಿವಿಯ ಕೆಳಗೆ ನಿಂತರು. ಮೊದಲನೆಯದರಲ್ಲಿ ಹುಡುಗನ ಹೆಸರು ಅರ್ಧ ಕತ್ತರಿಸಿಹೋಯಿತು. ಇನ್ನೊಂದು ತೆಗೆದೆ.